ಉಮ್ಮನ ಫ್ಯಾನ್ ಯಾಕೆ ತಿರುಗಲಿಲ್ಲ?

“ಮೇಡಂ, ಇದು ಓಡಿದ ಫ್ಯಾನ್ ಅಲ್ಲ.”

ತಲೆ ನರೆತ ಎಲೆಕ್ಟ್ರಿಷಿಯನ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದರು. ಪಂಚಾಯತ್ ಸಭಾಂಗಣದಲ್ಲಿ ಕ್ಯೂ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಕದ್ದ ಮಾಲು ತಂದವಳನ್ನು ನೋಡುವ ಹಾಗೆ.

ನನಗೆ ಸಿಟ್ಟು ಬಂತು. ಬಾರದೆ ಇರುತ್ತದೆಯೆ? ಅದು ನನ್ನ ಮೊದಲ ಸಂಬಳದ ಫ್ಯಾನ್. ಹನ್ನೊಂದು ವರ್ಷದಿಂದ ನರಿಮೊಗರಿನ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ, ನನ್ನ ತಾಯಿ, ನಮ್ಮ ಉಮ್ಮನ ನೆತ್ತಿಯ ಮೇಲೆ ತಿರುಗುತ್ತಿರುವ ಫ್ಯಾನ್. ಓಡಿಲ್ಲ ಎಂದರೆ?

ವಿಷಯ ಇಷ್ಟು. ಸರ್ಕಾರದ ಕ್ಯಾಂಪ್ ಬಂದಿತ್ತು. ಬಿಪಿಎಲ್ ಕಾರ್ಡಿನವರು ದಿನಾ ಓಡಿಸುವ ಹಳೆಯ ಫ್ಯಾನ್ ತಂದರೆ, ಅದರ ಅರ್ಧ ಕರೆಂಟೂ ಬೇಡದ ಹೊಸ ಫ್ಯಾನ್ ಕೊಡುತ್ತಾರೆ. ಊರಲ್ಲಿರುವ ನನ್ನ ತಮ್ಮ ವಾಟ್ಸಾಪಿನಲ್ಲಿ ಸುದ್ದಿ ಕಳಿಸಿದ. ನಾನು ಸುಳ್ಯದಿಂದ ಮೊದಲ ಬಸ್ಸು ಹತ್ತಿದೆ. (ಜಾಲ್ಸೂರಿನವರೆಗೆ ನಿಂತೇ ಬಂದೆ, ಅದು ಬೇರೆ ಕತೆ.) ಫಾರ್ಮ್ ತುಂಬುವುದು ನಮ್ಮ ಕುಟುಂಬದಲ್ಲಿ ನನ್ನ ಖಾತೆ. ಏಳೆಂಟು ಮನೆಗಳ ನಮ್ಮ ಬಳಗದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ನಾನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೆ ಎಂದು ನೀವು ನಗುತ್ತೀರಿ. ನಗಿ. ಇನ್ನೂ ಹೇಳುತ್ತೇನೆ. ಬೀಡಿ ಕಟ್ಟಿದ ಉಮ್ಮನ ಕೈ ಕೊಡಿಸಿದ ಡಿಗ್ರಿ ಅದು.

“ಹೇಗೆ ಹೇಳ್ತೀರಿ ಓಡಿಲ್ಲ ಅಂತ?” ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ.

ಅವರು ಫ್ಯಾನಿನ ಒಂದು ರೆಕ್ಕೆ ಎತ್ತಿ ತೋರಿಸಿದರು. “ನೋಡಿ, ಓಡುವ ಫ್ಯಾನಿಗೆ ಗಾಳಿ ಸೀಳುವ ಅಂಚಿನಲ್ಲಿ ಕಪ್ಪು ಧೂಳು ಗೆರೆ ಕಟ್ತದೆ. ಇದರಲ್ಲಿ ಧೂಳು ಹೇಗೆ ಕೂತಿದೆ? ಕಪಾಟಿನ ಮೇಲೆ ಕೂತ ಹಾಗೆ. ಚಪ್ಪಟೆ. ಅದರಲ್ಲಿ ಇದು ಎಂತ ಧೂಳು...” ಎಂದು ಮೂಗಿನ ಹತ್ತಿರ ತಂದವರು ನಾಲ್ಕು ಸಲ ಸೀನಿದರು. ಹೊಗೆಸೊಪ್ಪಿನ ಪುಡಿ.

ಕ್ಯೂವಿನಲ್ಲಿ ಉಮ್ಮನ ಮತ್ತು ನನ್ನ ಹಿಂದೆ ನಿಂತಿದ್ದ ದೇವಕಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಪಕ್ಕದ ಮನೆಯವರು. ಇಪ್ಪತ್ತೈದು ವರ್ಷದಿಂದ ನಮ್ಮ ಹೊರಗಿನ ಕೋಣೆಯಲ್ಲೇ ಉಮ್ಮನ ಜೊತೆ ಕೂತು ಬೀಡಿ ಕಟ್ಟುವವರು.

“ಹೇಳಿ ಆಯಿಷಮ್ಮ, ಇನ್ನಾದ್ರೂ ಹೇಳಿ” ಎಂದರು ಉಮ್ಮನಿಗೆ.

ಉಮ್ಮ ಸೆರಗು ಸರಿಮಾಡಿಕೊಂಡರು.

“ನಾನೇ ಹೇಳ್ತೇನೆ. ನಿನ್ನ ಫ್ಯಾನ್ ಉಂಟಲ್ಲ ಮಾರಾಯ್ತಿ, ಅದು ನೀನು ಬರುವ ದಿನ ಮಾತ್ರ ತಿರುಗುದು. ನೀನು ಬಸ್ಸು ಹತ್ತಿದೆ ಅಂತ ಫೋನ್ ಬಂದ ಕೂಡ್ಲೆ ನಿನ್ನ ಉಮ್ಮ ಬೀಡಿ ಮೊರ ಒಳಗಿಟ್ಟು, ಗುಡಿಸಿ, ಸ್ವಿಚ್ ಹಾಕ್ತಾರೆ. ನೀನು ವಾಪಸ್ ಹೋದ ಮೇಲೆ ಆಫ್. ನಮಗೂ ಗಾಳಿ ನಿನ್ನ ಪುಣ್ಯದಲ್ಲಿ, ತಿಂಗಳಿಗೊಮ್ಮೆ.”

ಕ್ಯೂ ಪೂರ್ತಿ ನಕ್ಕಿತು. ಎಲೆಕ್ಟ್ರಿಷಿಯನ್ ಕೂಡ ನಕ್ಕರು. ನಾನು ನಗಲಿಲ್ಲ.

“ಯಾಕೆ ಉಮ್ಮ?”

“ಫ್ಯಾನ್ ಹಾಕಿದ್ರೆ ಪುಡಿ ಹಾರ್ತದೆ. ಎಲೆ ಒಣಗ್ತದೆ. ಒಣಗಿದ ಎಲೆ ಸುತ್ತುವಾಗ ಒಡೀತದೆ. ಒಡೆದ ಬೀಡಿಯನ್ನು ಕಂಪೆನಿಯ ಬ್ರಾಂಚಿನವ ತೆಗೆದುಕೊಳ್ತಾನಾ? ನಿನಗೆ ಗೊತ್ತುಂಟಲ್ಲ.” (ಉಮ್ಮ ಹೇಳಿದ್ದು ನಮ್ಮ ಬ್ಯಾರಿ ಭಾಷೆಯಲ್ಲಿ. ಬರೆಯುತ್ತಿರುವುದು ನಾನು ಕನ್ನಡದಲ್ಲಿ.)

ನಿನಗೆ ಗೊತ್ತುಂಟಲ್ಲ. ಆ ಮಾತು ಹೊಡೆತದ ಹಾಗೆ ಬಿತ್ತು.

ಗೊತ್ತಿತ್ತು. ಗೊತ್ತಿಲ್ಲದೆ ಏನು? ಪಿಯುಸಿ ಮುಗಿಯುವವರೆಗೆ ನಾನೂ ಆ ಕೋಣೆಯಲ್ಲಿ ಕೂತು ಎಲೆ ಕತ್ತರಿಸಿದವಳು. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದವಳು. ಹನ್ನೊಂದು ಗಂಟೆಗೆ ಗಾಳಿ ಎದ್ದರೆ “ಬಾಗಿಲು ಹಾಕು” ಎಂದು ಉಮ್ಮ ಹೇಳುವ ಮೊದಲೇ ಎದ್ದು ಹಾಕುತ್ತಿದ್ದವಳು. ಬೀಡಿ ಕಟ್ಟುವ ಮನೆಗೆ ಗಾಳಿ ಶತ್ರು. ಇದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು.

ಮತ್ತೆ ಎಲ್ಲಿ ಮರೆತೆ? ಡಿಗ್ರಿ ಓದುವಾಗಲಾ? ಸುಳ್ಯದಲ್ಲಿ ಪಾಠ ಮಾಡಲು ಶುರು ಮಾಡಿದ ಮೇಲಾ? ಅಂಗಡಿಯಲ್ಲಿ ನಿಂತು “ಒಳ್ಳೆ ಸ್ಪೀಡಿನದ್ದೇ ಕೊಡಿ” ಎಂದು ಗತ್ತಿನಲ್ಲಿ ಕೇಳಿದ್ದು ನೆನಪುಂಟು. ಯಾರ ಸ್ಪೀಡು? ಯಾರಿಗೆ?

ದೇವಕಿ ಅಕ್ಕನೇ ದಾರಿ ತೋರಿಸಿದರು. ತಮ್ಮನ ಮಕ್ಕಳು ಮಲಗುವ ಒಳಗಿನ ಕೋಣೆಯ ಫ್ಯಾನ್ ನಿಜಕ್ಕೂ ಹಳತು, ರಾತ್ರಿಯಿಡೀ ಕಿರುಚುವಂಥದ್ದು. ಉಮ್ಮ ಮಲಗುವುದೂ ಅಲ್ಲೇ. ತಮ್ಮನೇ ಆಟೋದಲ್ಲಿ ಹೋಗಿ ಅದನ್ನು ಬಿಚ್ಚಿ ತಂದ. ಎಲೆಕ್ಟ್ರಿಷಿಯನ್ ಅದರ ರೆಕ್ಕೆಯ ಅಂಚು ನೋಡಿ, “ಹಾಂ, ಇದು ದುಡಿದ ಫ್ಯಾನ್” ಎಂದು ಸರ್ಟಿಫಿಕೇಟ್ ಕೊಟ್ಟರು. ಹೊಸದು ಸಿಕ್ಕಿತು, ರಿಮೋಟ್ ಸಮೇತ. (ಈಗ ಆ ರಿಮೋಟಿಗಾಗಿ ಮನೆಯಲ್ಲಿ ಮಹಾಯುದ್ಧ.)

ಸರ್ಕಾರವನ್ನು ನಾನು ಬೈಯುವುದಿಲ್ಲ. ಫ್ರೀ ಕರೆಂಟ್ ಬಂದ ಮೇಲೆ ನಮ್ಮಂಥ ಮನೆಗಳಲ್ಲಿ ಒಂದು ಭಯ ಕಡಿಮೆಯಾಗಿದೆ. ಎಲ್‌ಇಡಿ ಬಲ್ಬ್ ಬಂದ ಮೇಲೆ ದೇವಕಿ ಅಕ್ಕನಿಗೆ ಸಂಜೆ ಎಲೆಯ ನರ ಕಾಣುತ್ತದೆ. ಒಂದು ತಮಾಷೆ ಮಾತ್ರ ಹೇಳಲೇಬೇಕು. ಹಿಂದೆ ಎಷ್ಟು ಕರೆಂಟ್ ಬಳಸಿದ್ದಿರಿ ಎಂದು ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಫ್ರೀ ಕೊಡುತ್ತಾರೆ. ಧಾರಾಳವಾಗಿ ಉರಿಸಿದವರಿಗೆ ಧಾರಾಳ. ಸ್ವಿಚ್ಚಿಗೆ ಹೆದರಿ ಬದುಕಿದವರಿಗೆ ಅಷ್ಟೇ. ಮೀಟರ್ ಓದುವವನು ಪ್ರತಿ ಸಲ ಉಮ್ಮನನ್ನು ಹೊಗಳಿ ಹೋಗುತ್ತಾನಂತೆ: “ಕರೆಂಟ್ ಉಳಿಸುದು ಹೇಗಂತ ನಿಮ್ಮಿಂದ ಕಲಿಬೇಕು.” ಉಮ್ಮನಿಗೆ ಅದೊಂದು ಹೆಮ್ಮೆ.

ಕ್ಯಾಂಪಿನಿಂದ ಹೊರಡುವಾಗ ಉಮ್ಮ ಮೇಜಿನ ಹತ್ತಿರ ನಿಂತುಬಿಟ್ಟರು. ಮೆಲ್ಲ ಕೇಳಿದರು:

“ತಗಡಿನ ಸೆಕೆಗೆ ಎಂತಾದ್ರೂ ಉಂಟಾ ನಿಮ್ಮಲ್ಲಿ?”

ಎಲೆಕ್ಟ್ರಿಷಿಯನ್ ಪಟ್ಟಿ ತಿರುವಿದರು. ನಿಜವಾಗಿಯೂ ಹುಡುಕಿದರು, ಪಾಪ. “ಬಲ್ಬ್ ಉಂಟು, ಟ್ಯೂಬ್ ಉಂಟು, ಫ್ಯಾನ್ ಉಂಟು. ಮನೆಯ ಮಾಡಿಗೆ ಎಂತದೂ ಇಲ್ಲಮ್ಮ.”

ಆ ತಗಡಿನ ಮಾಡು, ಅಂದರೆ ಛಾವಣಿ, ಹಾಕಿಸಿದ್ದೂ ನಾನೇ. ಮೊದಲು ಹಂಚು ಇತ್ತು. ಹಂಚು ಹೊತ್ತ ಪಕ್ಕಾಸಿನ ಮರ ಗೆದ್ದಲು ತಿಂದು ಬಗ್ಗಿತ್ತು. ಹಂಚೆಲ್ಲ ಇಳಿಸಿ ಉದ್ದನೆಯ ಶೀಟ್ ಹೊದೆಸಿದೆ. ನೀಲಿ ಬಣ್ಣದ್ದು. ರಸ್ತೆಯಿಂದಲೇ ಕಾಣುತ್ತಿತ್ತು. “ಲೆಕ್ಚರರ್ ಮನೆ” ಎಂದು ಜನ ಹೇಳತೊಡಗಿದರು. ನನಗೆ ಎಷ್ಟು ಖುಷಿ.

ಆ ದಿನ ನಾನು ಸುಳ್ಯಕ್ಕೆ ಹೋಗಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹೊರಗಿನ ಕೋಣೆಯಲ್ಲಿ ಉಮ್ಮ, ದೇವಕಿ ಅಕ್ಕನ ಜೊತೆ ನಾನೂ ಕೂತೆ. “ನಾನು ಇಲ್ಲ ಅಂತ ತಿಳ್ಕೊಂಡು ಕೂತ್ಕೊಳ್ಳಿ” ಎಂದೆ. ಮೊರ ತೊಡೆಯ ಮೇಲೆ. ಬಾಗಿಲು ಅರ್ಧ ಮುಚ್ಚಿದ್ದು. ತಲೆಯ ಮೇಲಿನ ಶೀಟಿನಿಂದ ಕಾವು ಒಲೆಯ ಬಾಯಿಯಿಂದ ಬಂದ ಹಾಗೆ ಇಳಿಯುತ್ತಿತ್ತು. ಆಗಾಗ ಶೀಟ್ ಟಪ್ ಟಪ್ ಎಂದು ಹಿಗ್ಗುವ ಸದ್ದು. ಬೆವರು ಗಲ್ಲದಿಂದ ಎಲೆಯ ಮೇಲೆ ಬೀಳದ ಹಾಗೆ ಭುಜಕ್ಕೆ ಒರೆಸಿಕೊಳ್ಳುವುದು ಉಮ್ಮನ ಚಾಳಿ. ಕೈ ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ನನ್ನ ತಲೆ ತಿರುಗಿತು.

“ಹಂಚು ಇರುವಾಗ ಹೀಗೆ ಇರಲಿಲ್ಲ ಅಲ್ವಾ?” ಎಂದೆ.

“ಹಂಚು ಇರುವಾಗ...” ಎಂದು ಉಮ್ಮ ಮೇಲೆ ನೋಡಿದರು. ಆ ನೋಟದಲ್ಲಿ ಒಂದು ಆಸೆ ಇತ್ತು. ನನ್ನನ್ನು ಓದಿಸುವಾಗಲೂ ಅವರು ತಮಗೆಂದು ಏನನ್ನಾದರೂ ಬಯಸಿದ್ದನ್ನು ನಾನು ಕಂಡವಳಲ್ಲ. ಇಷ್ಟು ವರ್ಷದಲ್ಲಿ ಬಯಸಿದ್ದು ಇದೊಂದನ್ನೇ ಏನೋ: ತಂಪಾದ ಒಂದು ನೆರಳು.

ದೇವಕಿ ಅಕ್ಕ ನೂಲು ಕಚ್ಚಿ ತುಂಡು ಮಾಡುತ್ತಾ ಹೇಳಿದರು: “ನಮ್ಮ ಮಾಡಿನ ಮೇಲೆ ತೆಂಗಿನ ಗರಿಯ ಮಡಲು ಹಾಕಿದ್ದೇವೆ, ಸೆಕೆ ಅರ್ಧಕ್ಕರ್ಧ ಕಡಿಮೆ. ಇವರಿಗೂ ಹೇಳಿದೆ, ಕೇಳುದಿಲ್ಲ.”

“ಯಾಕೆ ಉಮ್ಮ? ಮಡಲು ತೋಟದಲ್ಲಿ ಬಿದ್ದೇ ಉಂಟಲ್ಲ?”

ಉಮ್ಮ ಕೈಯಲ್ಲಿದ್ದ ಎಲೆ ಸುತ್ತಿ ಮುಗಿಸಿದರು. ಆಮೇಲೆ ಮೊರದ ಕಡೆ ನೋಡಿಕೊಂಡೇ ಹೇಳಿದರು:

“ಕಲಿತವಳ ಮನೆ. ಮೇಲೆ ಮಡಲು ಹಾಕಿದ್ರೆ ರಸ್ತೆಯಲ್ಲಿ ಹೋಗುವವರು ಎಂತ ಹೇಳ್ತಾರೆ? ನಿನಗೆ ಮರ್ಯಾದೆಯಾ?”

ನನ್ನ ಮರ್ಯಾದೆ ಕಾಯಲು ಉಮ್ಮ ಇಷ್ಟು ಬೇಸಿಗೆ ಬೆಂದಿದ್ದರು. ನಾನು ಸುಳ್ಯದಲ್ಲಿ ಕಿಟಕಿ ತೆರೆದು, ಫ್ಯಾನ್ ಹಾಕಿ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಿಮಗೆ ಅಂಕಣ ಬರೆಯುತ್ತಿದ್ದೆ.

ಭಾನುವಾರ ತಮ್ಮನೂ ನಾನೂ ಸೇರಿ ಶೀಟಿನ ಮೇಲೆ ಮಡಲು ಹೊದೆಸಿದೆವು. ನೀಲಿ ಪೂರ್ತಿ ಮುಚ್ಚಿತು. ರಸ್ತೆಯಲ್ಲಿ ಹೋಗುವ ಒಬ್ಬರು ನಿಂತು, “ಎಂತ ಟೀಚರೇ, ಮುಳಿಹುಲ್ಲಿನ ಮನೆ ಮಾಡ್ತಾ ಇದ್ದೀರಾ?” ಎಂದು ಕೇಳಿದರು. “ಹೌದು” ಎಂದೆ. ಉಮ್ಮ ಅಂಗಳದಲ್ಲಿ ನಿಂತು ಆ ದಾರಿಹೋಕರ ಮುಖವನ್ನೇ ನೋಡುತ್ತಿದ್ದರು. ಮಧ್ಯಾಹ್ನ ಉಮ್ಮ ಮೊರ ಹಿಡಿದು ಕೂತರು. ಹತ್ತು ನಿಮಿಷ ಬಿಟ್ಟು, “ಪರವಾಗಿಲ್ಲ” ಎಂದರು. ಅಷ್ಟೇ. ಉಮ್ಮನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಮಾತು.

ಮಳೆಗಾಲದ ಮೊದಲು ಮಡಲು ಇಳಿಸಬೇಕು. ಮುಂದಿನ ಬೇಸಿಗೆಗೆ ಮತ್ತೆ ಹಾಕಬೇಕು. ಇದು ಪರಿಹಾರವಲ್ಲ, ನನಗೂ ಗೊತ್ತು. ಶೀಟಿನ ಕೆಳಗೆ ಒಂದು ಹೊದಿಕೆ, ಮೇಲೆ ಬಿಳಿ ಬಣ್ಣ, ಸಾಧ್ಯವಾದರೆ ಮತ್ತೆ ಹಂಚು. ಕರೆಂಟೇ ಬೇಡದ ತಂಪು ಅದು. ಕರೆಂಟ್ ಉಳಿಸಲು ಇಷ್ಟು ಕಷ್ಟಪಡುವ ಸರ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಉಳಿತಾಯ ಎಲ್ಲಿ ಸಿಗುತ್ತದೆ? ಫಾರ್ಮಿನಲ್ಲಿ ‘ಮನೆಯಲ್ಲಿ ಎಷ್ಟು ಫ್ಯಾನ್, ಎಷ್ಟು ಬಲ್ಬ್’ ಎಂದು ಕೇಳುತ್ತಾರೆ. ‘ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರು, ಎಲ್ಲಿ ಕೂತು, ಏನು ಮಾಡುತ್ತಾರೆ’ ಎಂದು ಒಂದು ಸಾಲು ಸೇರಿಸಿದರೆ ಸಾಕಿತ್ತು. ಉಮ್ಮನಂಥವರು ಉತ್ತರ ಹೇಳುತ್ತಿದ್ದರು.

ಸರ್ಕಾರ ಕೇಳಲಿಲ್ಲ, ಸರಿ. ಮಗಳು ಯಾಕೆ ಕೇಳಲಿಲ್ಲ?