ಅತ್ತೆಯ ಗಟ್ಟಿ ಹಾಲು

ಡೈರಿಯ ಲ್ಯಾಬಿನಲ್ಲಿ ಊರವರ ಹಾಲನ್ನೆಲ್ಲ ಪರೀಕ್ಷಿಸುವ ಸೊಸೆಗೆ ಅತ್ತೆಯ ಹಸುವಿನ ಹತ್ತಿರ ಸುಳಿಯಲು ಅಪ್ಪಣೆ ಇರಲಿಲ್ಲ. ಒಂದು ಬೆಳಿಗ್ಗೆ ಕೆಚ್ಚಲು ಊದಿದ್ದನ್ನು ಕಂಡು ತಡೆಯಲಾರದೆ, ಒಂದೊಂದು ಮೊಲೆಯ ಹಾಲನ್ನೂ ಒಂದೊಂದು ಬಟ್ಟಲಿಗೆ ಕರೆದು ಪರೀಕ್ಷೆಯ ದ್ರಾವಣ ಬೆರೆಸಿದಳು. ಮೂರು ತೆಳ್ಳಗೇ ಉಳಿದವು, ನಾಲ್ಕನೆಯದು ಲೋಳೆಯಾಯಿತು.

"ನೋಡೇ, ನನ್ನ ಹಸುವಿನ ಹಾಲು ಎಷ್ಟು ಗಟ್ಟಿ!" ಅತ್ತೆ ಹಿಗ್ಗಿ ಹೀರೇಕಾಯಿಯಾದರು.

"ಅದು ಕೆಚ್ಚಲು ಬಾವು ಅತ್ತೆ. ರೋಗ ಇದ್ರೇನೇ ಹೀಗೆ ಗಟ್ಟಿಯಾಗೋದು."

"ರೋಗ ಬಂದಿರೋದು ನಿನ್ನ ನಾಲಿಗೆಗೆ," ಎಂದು ಅತ್ತೆ ಮೂತಿ ತಿರುವಿದರು.

ಲ್ಯಾಬಿನಲ್ಲಿ ಅದೇ ಮೊಲೆಯ ಹಾಲಿನಿಂದ ಬ್ಯಾಕ್ಟೀರಿಯಾ ಬೆಳೆಯಿತು. ಪಶುವೈದ್ಯರು ಬಂದು ಔಷಧಿ ಕೊಟ್ಟರು, ಊತ ಇಳಿಯಿತು. ಸೊಸೆ ಮತ್ತೆ ಪರೀಕ್ಷಿಸಿದಾಗ ಯಾವ ಬಟ್ಟಲಲ್ಲೂ ಲೋಳೆ ಕಾಣಲಿಲ್ಲ.

ಅತ್ತೆ ಪಕ್ಕದ ಮನೆಯವಳನ್ನು ಕರೆದು ಗೋಳು ತೋಡಿಕೊಂಡರು: "ಗಟ್ಟಿ ಹಾಲಿತ್ತು ಕಣಮ್ಮ, ಓದಿದ ಸೊಸೆ ಔಷಧಿ ಹಾಕ್ಸಿ ನೀರು ಮಾಡಿಬಿಟ್ಟಳು."