ನಾನ್ನಾ, ಒದ್ದು

ಹೋದ ತಿಂಗಳ ಮೊದಲ ಶುಕ್ರವಾರ ಮಾಲೂರಿನಲ್ಲಿ ಅಮ್ಮನಿಗೆಂದು ಎರಡು ಮೊಳ ಕನಕಾಂಬರ ಕೊಂಡೆ. ನಡುನಡುವೆ ಮರುಗ ಸೇರಿಸಿ ಕಟ್ಟಿದ್ದರು. ಮಾಸ್ತಿ ಬಸ್ಸಿನಲ್ಲಿ ಕೂತಾಗ ಮರುಗದ ವಾಸನೆ ಮೂಗಿಗೆ ಬಂತು, ಹಿಂದೆಯೇ ಕೌಟುಂಬಿಕ ನ್ಯಾಯಾಲಯದ ಮಕ್ಕಳ ಕೋಣೆಯೂ ನೆನಪಿಗೆ ಬಂತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಮರುಗ ಮುಡಿಯದ ದಿನವಿರಲಿಲ್ಲ…

ಆಗ ನನಗೆ ಏಳು ವರ್ಷ. ಅಪ್ಪ ಅಮ್ಮ ಬೇರೆಯಾಗಿದ್ದರು. ನಾನು ಅಮ್ಮನ ಜೊತೆ ಮಾಸ್ತಿಯಲ್ಲಿದ್ದೆ, ಅಪ್ಪ ತೆಲುಗು ಮಾತಿನ ಗಡಿಯೂರು ನಂಗಲಿಯಲ್ಲಿ. ವಿಚ್ಛೇದನಕ್ಕೆ ಇಬ್ಬರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ನನ್ನ ಬಗ್ಗೆ. ತಿಂಗಳಿಗೆ ಎರಡು ಶನಿವಾರ ನನ್ನನ್ನು ಮನೆಗೆ ಕರೆದೊಯ್ಯಬೇಕೆಂದು ಅಪ್ಪ ಕೇಳಿದ್ದರು, ಅಮ್ಮ ಒಪ್ಪಿರಲಿಲ್ಲ. ತೀರ್ಮಾನವಾಗುವವರೆಗೆ ವಾಯಿದೆಯ ದಿನ ಆ ಕೋಣೆಯಲ್ಲಿ ಒಂದು ಗಂಟೆ ಅಪ್ಪ ನನ್ನನ್ನು ನೋಡಬಹುದಿತ್ತು. ಅಪ್ಪ ಪ್ರತಿಸಲವೂ ಚೀಲದ ತುಂಬ ತಿಂಡಿ ತರುತ್ತಿದ್ದರು. “ಏನಪ್ಪಾ, ನಂಗಲಿ ಅಂಗಡಿಗಳನ್ನೆಲ್ಲಾ ಖಾಲಿ ಮಾಡ್ಕೊಂಡು ಬಂದ್ಯಾ?” ಎಂದು ಆಯಾ ಛೇಡಿಸುತ್ತಿದ್ದರು. ಅಪ್ಪ ಬಂದ ದಿನಕ್ಕೊಂದು ಗೀಟು ಎಳೆಯಲು ನನಗೆ ಹಳೆಯ ಕ್ಯಾಲೆಂಡರ್ ಹಾಳೆ ಕೊಟ್ಟವರೂ ಅವರೇ. ದಿನ, ಲೆಕ್ಕ ಬರೆದಿಡುವ ನನ್ನ ಅಭ್ಯಾಸ ಶುರುವಾದದ್ದು ಅಲ್ಲಿ. ಆ ಕೋಣೆಯಲ್ಲಿ ಒಟ್ಟು ಒಂಬತ್ತು ಗೀಟು.

ಒಂಬತ್ತನೆಯ ಸಲ ಹೊಸ ಆಪ್ತಸಮಾಲೋಚಕಿಯೊಬ್ಬರು ಬಂದಿದ್ದರು. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದವರು, ಮೃದು ಸ್ವಭಾವದವರು. ಅವರ ವರದಿ ನೋಡಿಯೇ ನ್ಯಾಯಾಧೀಶರು ತೀರ್ಮಾನಿಸುವುದಿತ್ತು. ನನ್ನೊಬ್ಬಳನ್ನೇ ಮಾತಾಡಿಸಬೇಕೆಂದು ಅಪ್ಪನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಅಪ್ಪ ಇನ್ನು ಬರುವುದೇ ಇಲ್ಲವೆಂದುಕೊಂಡು ನಾನು ಅಳತೊಡಗಿದೆ. ಅಪ್ಪನ ಜೊತೆ ನಾನಾಡುತ್ತಿದ್ದದ್ದು ತೆಲುಗು. ಅಳುವಿನಲ್ಲಿ ಬಾಯಿಗೆ ಬಂದದ್ದೂ ತೆಲುಗೇ. “ನಾನ್ನಾ, ಒದ್ದು… ನಾನ್ನಾ, ಒದ್ದು…” ಅಪ್ಪಾ, ಬೇಡ ಎಂದು.

ತೆಲುಗು ತಿಳಿಯದ ಮೇಡಂ ಕಿವಿಗೆ ಅದು ‘ನನ್ನ ಒದ್ದು’ ಎಂದು ಬಿತ್ತು. ಮಗು ಹೆದರಿ ಮಾತನ್ನು ಅರ್ಧಕ್ಕೆ ನಿಲ್ಲಿಸಿದೆ ಎಂದುಕೊಂಡರು.

“ಒದ್ದು? ಒದ್ದು ಏನ್ ಮಾಡಿದ್ರವ್ವಾ? ಅಂಜಬ್ಯಾಡ, ಹೇಳು.”

“ಒದ್ದು,” ಎಂದೆ ನಾನು, ಇನ್ನೂ ಜೋರಾಗಿ.

ಅವರು ಬರೆದುಕೊಂಡರು. ಅಮ್ಮನನ್ನು ಒಳಗೆ ಕರೆದು, ಗಂಡ ಮಗುವನ್ನು ಒದೆಯುತ್ತಿದ್ದದ್ದು ನಿಜವೇ ಎಂದು ಕೇಳಿದರು. ನಾನು ಇನ್ನೂ ಅದನ್ನೇ ಹೇಳಿಕೊಂಡು ಅಳುತ್ತಿದ್ದೆ. ಎಂಟು ವರ್ಷ ನಂಗಲಿಯಲ್ಲಿ ಸಂಸಾರ ಮಾಡಿದ ಅಮ್ಮನಿಗೆ ಆ ಪದ ಗೊತ್ತಿಲ್ಲದ್ದೇನಲ್ಲ. ಆದರೂ ಬಾಯಿ ಬಿಡಲಿಲ್ಲ…

ಆಯಾ ಮುಳಬಾಗಿಲು ಕಡೆಯವರು, ತೆಲುಗು ಬಲ್ಲವರು. ನೀರಿನ ಲೋಟ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಅಂಥ ಹೊತ್ತಿನಲ್ಲಿ ಅವರು ನಡುವೆ ಬಾಯಿ ಹಾಕುವಂತಿರಲಿಲ್ಲ. ನೀವು ತಪ್ಪು ತಿಳಿದಿರಿ ಎಂದು ಮೇಡಂಗೆ ಹೇಳಲಿಲ್ಲ, ಅಮ್ಮನ ಮುಖವನ್ನೂ ನೋಡಲಿಲ್ಲ. ನನ್ನ ಬಳಿ ಕೂತು ನೀರು ಕುಡಿಸಿ, ತೆಲುಗಿನಲ್ಲಿ ಕೇಳಿದರು.

“ಎವರು ಪೋವೊದ್ದು, ಬಂಗಾರು?” ಯಾರು ಹೋಗಬಾರದು, ಚಿನ್ನ?

ನಾನು ಬಾಗಿಲ ಕಡೆ ಕೈ ತೋರಿಸಿದೆ.

ಆಗ ಅಮ್ಮ ಹೇಳಿದಳು. “ಒದೆಯೋ ಅಂಥೋರಲ್ಲ ಮೇಡಂ ಅವ್ರು. ಅದು ತೆಲುಗು. ಅಪ್ಪಾ ಹೋಗ್ಬೇಡ ಅಂತಿದಾಳೆ.”

ಮೇಡಂ ಬರೆದದ್ದನ್ನು ಹೊಡೆದುಹಾಕಿದರು. ಆಯಾ ಲೋಟ ತೊಳೆಯಲು ಹೋದರು. ಮುಂದಿನ ವಾಯಿದೆಯಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ಅಪ್ಪನಿಗೆ ಸಿಕ್ಕಿದವು. ನನಗೆ ಹದಿನೆಂಟು ತುಂಬುವವರೆಗೆ ಇನ್ನೂರ ನಲವತ್ತೊಂದು ಶನಿವಾರ. ಜ್ವರ, ಪರೀಕ್ಷೆ ಎಂದು ತಪ್ಪಿದ್ದು ಇಪ್ಪತ್ತಮೂರು.

ಆ ದಿನದ್ದೆಂದು ನನಗೆ ಸ್ವಂತವಾಗಿ ನೆನಪಿರುವುದು ಆ ನೀರು, ಆ ಮರುಗದ ವಾಸನೆ ಅಷ್ಟೇ. ಉಳಿದದ್ದನ್ನು ಅಮ್ಮ ಹೇಳಿದ್ದು ನಾನು ಪಿಯುಸಿಯಲ್ಲಿದ್ದಾಗ. “ಒಂದು ನಿಮಿಷ ಸುಮ್ನಿದ್ದೆ ಕಣೇ. ನೀನು ನನ್ನೊಬ್ಬಳಿಗೇ ಉಳ್ಕೋತೀಯ ಅನ್ನಿಸ್ಬಿಡ್ತು. ಆಯಮ್ಮನಿಗೆ ಗೊತ್ತಾಗಿತ್ತು. ಯಾರ ಹತ್ರಾನೂ ಅನ್ಲಿಲ್ಲ.”

ಹೂ ಕೊಂಡ ಮರು ಸೋಮವಾರ ಕೋರ್ಟಿಗೆ ಹೋಗಿ ವಿಚಾರಿಸಿದೆ. ಆಯಾ ನಿವೃತ್ತರಾಗಿ ಶ್ರೀನಿವಾಸಪುರದಲ್ಲಿ ಮಗಳ ಮನೆಯಲ್ಲಿದ್ದರಂತೆ. ಹೋದ ವರ್ಷ ತೀರಿಕೊಂಡರಂತೆ. ಅವರ ಹೆಸರನ್ನು ನಾನು ಮೊದಲು ಕೇಳಿದ್ದೇ ಅಂದು. ನನ್ನ ಡೈರಿಗಳಲ್ಲಿ ಎಲ್ಲ ಕಡೆ ‘ಆಯಾ’ ಎಂದಷ್ಟೇ ಇದೆ…

ಆ ಶನಿವಾರ ನಂಗಲಿಗೆ ಹೋಗಿ ಅಪ್ಪನಿಗೆ ತಿಳಿಸಿದೆ. ಬಾಗಿಲ ಹಿಂದೆ ನಡೆದದ್ದು ಅಪ್ಪನಿಗೆ ಇಷ್ಟು ವರ್ಷವೂ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ, ಅಮ್ಮ ಸುಮ್ಮನಿದ್ದ ಆ ಒಂದು ನಿಮಿಷವನ್ನು ಬಿಟ್ಟು.

ಮನೆಗೆ ಬಂದು, ಆ ಒಂದು ನಿಮಿಷವನ್ನು ಮಾತ್ರ ಹೇಳಲಿಲ್ಲವೆಂದು ಅಮ್ಮನಿಗೆ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, “ಅದನ್ನ ನಾನೇ ಹೇಳ್ತೀನಿ, ನಂಬರ್ ಕೊಡು,” ಎಂದಳು. ಬೇರೆಯಾದ ಮೇಲೆ ಅವರಿಬ್ಬರೂ ನೇರವಾಗಿ ಮಾತಾಡಿದ್ದಿಲ್ಲ, ಏನಿದ್ದರೂ ನನ್ನ ಮೂಲಕವೇ. ಫೋನ್ ಹಿಡಿದು ಹಿತ್ತಲಿಗೆ ಹೋದಳು. ಹನ್ನೊಂದು ನಿಮಿಷ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಒಳಗೆ ಬಂದು ಮುಖ ತೊಳೆದುಕೊಂಡು, ಇದನ್ನೂ ಬರೆದಿಡು ಎಂದಳು. ಬರೆದೆ. ಓದಿ ಹೇಳೋಣವೆಂದರೆ ಆಯಾ ಮಾತ್ರ ಇಲ್ಲ…