ಶೋಭಂಗೆ ಕುಡಿಸಿದ ಸೋಪಿನ ನೀರು

ಹೊಸನಗರದ ಹತ್ತಿರ ಒಂದು ಮದುವೆ ಮನೆ ಅಡುಗೆಗೆ ನಾನೂ ಶೋಭಾನೂ ಹೋಗಿದ್ವಿ. ಶೋಭಂಗೆ ನಲವತ್ತು ದಾಟಿದೆ. ಅವಳ ಗಂಡನಿಗೆ ತೀರ್ಥಹಳ್ಳಿಯಲ್ಲಿ ಇನ್ನೊಬ್ಬಳಿದ್ದಾಳೆ. ಇದು ಗೊತ್ತಿಲ್ಲದವರು ನಮ್ಮೂರಲ್ಲಿಲ್ಲ, ನಾನಿರುವಾಗ ಹೇಗಿರ್ತಾರೆ?

ಪಾಯಸ ಕುದಿಯೋ ಹೊತ್ತಿಗೆ ಅವಳ ಮುಖ ಇದ್ದಕ್ಕಿದ್ದಂತೆ ಊದಿಕೊಂಡಿತು. ಗಂಟಲಲ್ಲಿ ಸುಯ್ ಸುಯ್ ಸದ್ದು, ಮಾತೇ ಹೊರಡಲಿಲ್ಲ.

"ವಿಷ ತಗೊಂಡಿದಾಳೆ ಕಣ್ರೇ, ಗಂಡನ ಕಾಟ ತಡೀಲಾರದೆ!" ಅಂದೆ.

ಕಳೆನಾಶಕ ಕುಡಿದವರಿಗೆ ವಾಂತಿ ಮಾಡಿಸೋ ಹಾಗೆ, ಪಾತ್ರೆ ತೊಳೆಯೋ ಗಿರಿಜ ಅವಳ ಬಾಯಿಗೆ ಸೋಪಿನ ನೀರು ಹೊಯ್ದಳು. ಶೋಭಾ ಬೇಡ ಬೇಡ ಅಂತ ಕೈ ಬೀಸ್ತಿದ್ಲು. ತುಟಿ ನೀಲಿಯಾಯ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಬಂತು. ಡಾಕ್ಟರು ಕೇಳಿದರು, "ಏನು ತಿಂದಿದ್ಲಜ್ಜಿ?"

"ನಾಲ್ಕು ಗೋಡಂಬಿ. ಚಿಕ್ಕಂದಿನಿಂದ ತಿಂತಾಳೆ."

"ಅದೇ ಇರಬೇಕು. ಅಲರ್ಜಿ ದೊಡ್ಡೋರಾದ ಮೇಲೂ ಶುರುವಾಗತ್ತೆ. ಉಸಿರು ಕಟ್ಟಿದವಳ ಬಾಯಿಗೆ ನೀರು ಹೊಯ್ದಿದ್ದು ಯಾರು?"

ನಾನು ಗಿರಿಜನ ಮುಖ ನೋಡಿದೆ.

ಶೋಭಾ ಬದುಕಿದಳು. ಆದರೆ ವಿಷದ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಲರ್ಜಿ ಅಂದ್ರೆ ಈಗ ಯಾರೂ ನಂಬಲ್ಲ. ಅವಳತ್ತೆ ಫಿನಾಯಿಲ್ ಬಾಟಲಿಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕ್ತಾಳೆ. ಗೋಡಂಬಿ ಡಬ್ಬಿ ಮಾತ್ರ ಒಲೆ ಪಕ್ಕದಲ್ಲೇ ಇದೆ.